ಅಂಟು ಆರುವಷ್ಟು ಹೊತ್ತಿನ ಖೂನಿ

ನಮ್ಮ ಸೋದರತ್ತೆಯ ಮನೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಎರಡೂವರೆಗೆ ಸರಿಯಾಗಿ ಒಂದು ಕೊಲೆಯಾಗುತ್ತದೆ. ಗಾಬರಿಯಾಗಬೇಡಿ, ಪೊಲೀಸರಿಗೂ ಈ ವಿಷಯ ಗೊತ್ತಿದೆ. ಹವಾಲ್ದಾರರೊಬ್ಬರ ಹೆಂಡತಿ ಮುಂದಿನ ಸಾಲಿನಲ್ಲೇ ಕೂತು, ಗುಲಾಬಿ ಬಣ್ಣದ ಕಾಗದದಲ್ಲಿ ಹೂವು ಕತ್ತರಿಸುತ್ತ ಆ ಕೊಲೆಯನ್ನು ಮೊದಲಿನಿಂದ ಕಡೆತನಕ ಕೇಳುತ್ತಾಳೆ. "ಆಮ್ಯಾಲೇನಾತ್ರಿ ಅಕ್ಕಾರ?" ಎಂದು ನಡುನಡುವೆ ಎಲ್ಲರಿಗಿಂತ ಮೊದಲು ಕೇಳುವವಳೂ ಅವಳೇ.

ಅತ್ತೆಯ ಮನೆ ಇರುವುದು ಆಳಂದದಲ್ಲಿ. ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳು. ಸಾಕ್ಷಿಗಳು ತೊದಲಿದ್ದು, ವಕೀಲರು ಅರಚಿದ್ದು, ಜಡ್ಜರು ಹೇಳಿದ್ದು ಎಲ್ಲವನ್ನೂ ಒಂದಕ್ಷರ ಬಿಡದೆ ಬಡಿದು ಹಾಕಿದವಳು. ನಿವೃತ್ತಿಯಾದ ವರ್ಷವೇ ಅವಳ ಬೆರಳುಗಳು ಸೆಟೆದುಕೊಳ್ಳತೊಡಗಿದವು. ಬೆರಳಿಗೆ ಏನಾದರೂ ಕೆಲಸ ಕೊಡಿ ಎಂದರು ಡಾಕ್ಟರು. ಬೇರೆ ಯಾರಾದರೂ ಆಗಿದ್ದರೆ ಸ್ವೆಟರ್ ಹೆಣೆಯುತ್ತಿದ್ದರೇನೋ. ಆದರೆ ನಮ್ಮ ಕಡೆಯ ಬಿಸಿಲಿನಲ್ಲಿ ಸ್ವೆಟರ್ ಯಾರಿಗೆ ಬೇಕು ಹೇಳಿ? ಅತ್ತೆ ಅಟ್ಟದ ಮೇಲಿಂದ ಒಂದು ಚೀಲದ ತುಂಬ ಹಳೆಯ ಲಗ್ನಪತ್ರಿಕೆಗಳನ್ನು ಕೆಳಗಿಳಿಸಿದಳು. ಅವುಗಳಿಂದ ಗಣಪತಿ, ಕಳಶ, ಬಾಳೆಗಿಡ, ನವಿಲುಗಳನ್ನು ಕತ್ತರಿಸಿ ದಪ್ಪ ಕಾಗದದ ಮೇಲೆ ಅಂಟಿಸಿ, ಹೊಸ ಶುಭಾಶಯದ ಕಾರ್ಡು ಮಾಡಲು ಕೂತಳು. ಆರು ತಿಂಗಳಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಕಲಿಯಲು ಬಂದರು. ವರ್ಷ ತುಂಬುವಷ್ಟರಲ್ಲಿ ಮಾದನಹಿಪ್ಪರಗಾದಿಂದ ಬಸ್ಸು ಹತ್ತಿಕೊಂಡು ಬರುವವರೂ ಇದ್ದರು.

ಅವರೆಲ್ಲ ಕಾರ್ಡಿಗಾಗಿ ಬರುತ್ತಿದ್ದಾರೆಂದು ನಾನು ಬಹಳ ದಿನ ನಂಬಿದ್ದೆ. ಎಂಥ ಮುಗ್ಧೆ ನಾನು! ಒಂದು ಭಾನುವಾರ ಅಲ್ಲಿಗೆ ಹೋಗಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಒಳಗಿಂದ ಅತ್ತೆಯ ದನಿ ಕೇಳಿಸಿತು: "ನವಿಲಿನ ಕುತ್ತಿಗಿ ಸಾವಕಾಶ ಕತ್ತರಸ್ರಿ. ಹಾಂ, ಆಮ್ಯಾಲ ಆಂವ ಏನ್ ಮಾಡಿದಾ, ಕುಡಗೋಲು ತಗೊಂಡು ಸೀದಾ ಅಣ್ಣನ ಕುತ್ತಿಗಿಗೇ ಹಾಕಿದಾ." ನನ್ನ ಒಂದು ಕಾಲು ಚಪ್ಪಲಿಯಲ್ಲೇ ಉಳಿಯಿತು. ಒಳಗೆ ನೋಡಿದರೆ ಹದಿನಾಲ್ಕು ಜನ ಹೆಂಗಸರು ತಲೆ ತಗ್ಗಿಸಿ, ನಾಲಿಗೆ ಕಚ್ಚಿಕೊಂಡು, ನವಿಲಿನ ಕುತ್ತಿಗೆ ಕತ್ತರಿಸುತ್ತಿದ್ದಾರೆ.

"ಅತ್ತೀ, ಏನಿದು?" ಎಂದು ಆಮೇಲೆ ಕೇಳಿದೆ.

"ಮೂವತ್ತು ವರ್ಷ ಬೆರಳು ದುಡದಾವ ಬೇ, ಬಾಯಿ ಗಪ್ ಕೂತಿತ್ತು. ಈಗ ಅದರ ಪಾಳಿ" ಎಂದಳು.

ಇದಕ್ಕೆ ಅವಳದೇ ಕಾನೂನುಗಳಿದ್ದವು. ಮೊದಲನೆಯದು, ಹೆಸರು ಹೇಳಬಾರದು. ಊರಿನದೂ ಇಲ್ಲ, ಮನುಷ್ಯರದೂ ಇಲ್ಲ. "ಹೆಸರು ಮರೀಬೇಕು, ಅಳತಿ ನೆನಪಿಡಬೇಕು" ಎನ್ನುತ್ತಿದ್ದಳು. ಹೆಸರನ್ನು ಅವಳು ಖರೇನೇ ಮರೆತಿದ್ದಳು. ಆದರೆ ಅಳತೆ! ಹೆಣ ಬಾಗಿಲಿನಿಂದ ಹನ್ನೊಂದು ಫೂಟು ದೂರ, ತಲೆ ಪೂರ್ವಕ್ಕೆ, ಪಕ್ಕದಲ್ಲಿ ಹಿತ್ತಾಳೆ ತಂಬಿಗೆ, ತಂಬಿಗೆಯಲ್ಲಿ ಅರ್ಧ ನೀರು. ಪಂಚನಾಮೆಯಲ್ಲಿ ಇದ್ದದ್ದೆಲ್ಲ ಅವಳ ತಲೆಯಲ್ಲಿ ಇದ್ದ ಹಾಗೇ ಕೂತಿತ್ತು.

ಎರಡನೆಯ ಕಾನೂನು, ಅಂಟು ಹಚ್ಚಿದ ಮೇಲೆ ಕಥೆ ಶುರು, ಅಂಟು ಆರಿದ ಮೇಲೆ ಕಥೆ ಬಂದ್. ಒದ್ದೆ ಕಾರ್ಡು ಆರುವ ತನಕ ಹೂವು, ನವಿಲು ಕತ್ತರಿಸುತ್ತ ಸುಮ್ಮನೆ ಕೂರುವುದು ಹೆಂಗಸರಿಗೆ ಬೇಜಾರು, ಅದಕ್ಕಾಗಿ ಈ ಉಪಾಯ. ಕಾರ್ಡು ಆರಿತೆಂದರೆ ಮುಂದಿನ ಕಾರ್ಡಿಗೆ ಅಳತೆ ಗೀಚಬೇಕು. ಆಗ ಕಥೆ ಕೇಳುತ್ತ ಕೂತರೆ ಅಳತೆ ತಪ್ಪೀತು ಎಂದು ಅವಳ ವಾದ. ಇದರಿಂದ ಏನಾಯಿತೆಂದರೆ, ಚಳಿಗಾಲದ ಕೊಲೆಗಳು ತನಿಖೆ, ಸಾಕ್ಷಿ, ವಾದ ಎಲ್ಲ ದಾಟಿ ಫೈಸಲಾ, ಅಂದರೆ ತೀರ್ಪಿನ ತನಕ ಹೋಗುತ್ತಿದ್ದವು. ಮಳೆಗಾಲದಲ್ಲಿ ಅಪೀಲು ಕೂಡ ಆಗಿಬಿಡುತ್ತಿತ್ತು. ಬೇಸಿಗೆಯಲ್ಲಿ ಮಾತ್ರ ಅಂಟು ನೋಡನೋಡುತ್ತ ಆರಿಬಿಡುವುದರಿಂದ ಪೊಲೀಸರು ಬಂದು ಕೈಗೆ ಬೇಡಿ ಹಾಕುವಲ್ಲಿಗೇ ಕಥೆ ನಿಂತುಬಿಡುತ್ತಿತ್ತು. ಉಳಿದದ್ದು ಮುಂದಿನ ಭಾನುವಾರಕ್ಕೆ.

ಈ ಕ್ಲಾಸಿನ ಪರಿಣಾಮ ಊರ ಮೇಲೆ ಆಗದೆ ಇರುತ್ತದೆಯೇ? ಚಹಾದಲ್ಲಿ ಇಲಿಪಾಷಾಣ ಬೆರೆಸಿದ ಕಥೆಯನ್ನು ಅತ್ತೆ ಹೇಳಿದ ವಾರ, ಮಾದನಹಿಪ್ಪರಗಾದ ಒಬ್ಬ ಸೊಸೆ ಮನೆಯಲ್ಲಿ ಯಾರು ಚಹಾ ಮಾಡಿದರೂ ಮೊದಲ ಗುಟುಕನ್ನು ತನ್ನ ಗಂಡನ ತಾಯಿಗೆ ಕೊಡತೊಡಗಿದಳು. ಆ ಮುದುಕಿ ಓಣಿಯ ತುಂಬ ಹೇಳಿಕೊಂಡು ಬಂದಿತು: "ನಮ್ಮ ಸೊಸಿ ಕಾರ್ಡಿನ ಕ್ಲಾಸಿಗೆ ಹೋಗಾಕ ಹತ್ತಿದ್ಮ್ಯಾಲ ಭಾಳ ಮರ್ಯಾದಿ ಕಲತಾಳವ್ವಾ. ನನಗ ಕೊಡಲಾರ್ದ ಒಂದು ಗುಟುಕು ಸುದ್ದಾ ಕುಡಿಯಂಗಿಲ್ಲ."

ಇನ್ನು ನನ್ನ ನಲವತ್ತನೆಯ ಹುಟ್ಟುಹಬ್ಬಕ್ಕೆ ಅತ್ತೆ ಕೈಯಾರೆ ಮಾಡಿದ ಕಾರ್ಡು ಬಂತು. ಹೊರಗೆ ಬಂಗಾರದ ಬಣ್ಣದ ಕಮಲ, ಸುತ್ತ ಮುತ್ತಿನ ಸಾಲು, ನೋಡಲು ಕಣ್ಣು ಸಾಲದು. ಬಿಡಿಸಿದರೆ ಒಳಗೆ ಅವಳ ಅಚ್ಚುಕಟ್ಟಾದ ಅಕ್ಷರ: "ಮೇಲ್ಕಂಡ ಹೆಣ್ಣುಮಗಳು ಈ ದಿನ ನಲವತ್ತು ವರ್ಷ ಪ್ರಾಯದವಳಾಗಿದ್ದು, ಸಾಧಾರಣ ಮೈಕಟ್ಟು, ಗೋಧಿ ಬಣ್ಣ, ಮೈಮೇಲೆ ಯಾವುದೇ ಗಾಯದ ಗುರುತುಗಳು ಕಂಡುಬರುವುದಿಲ್ಲ. ಹೀಗೆಯೇ ನೂರು ವರ್ಷ ಇರಲೆಂದು ಹಾರೈಸುತ್ತೇನೆ. ಓದಿ ಕೇಳಿದೆ, ಸರಿ ಇದೆ." ನನ್ನ ಗಂಡ ಅದನ್ನು ಎರಡು ಸಲ ಓದಿ, ಮುಖ ಸಣ್ಣದು ಮಾಡಿಕೊಂಡು ಕೇಳಿದರು: "ಗಾಯದ ಗುರುತಿಲ್ಲಂತ ಯಾಕ ಬರದಾರ ನಿಮ್ಮ ಅತ್ತಿ? ನನ್ನ ಮ್ಯಾಲ ಏನರೆ ಅನುಮಾನ ಅದ ಏನು ಅವರಿಗಿ?"

ಇಷ್ಟಕ್ಕೇ ನಿಂತಿದ್ದರೆ ನಾನೂ ನಗುತ್ತಲೇ ಇರುತ್ತಿದ್ದೆ. ಆದರೆ ಆ ಕಾರ್ಡನ್ನು ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿದೆ ನೋಡಿ, ತಪ್ಪು ಅಲ್ಲಿಂದ ಶುರುವಾಯಿತು.

ನಾನು ಅಫಜಲಪುರದ ಒಂದು ಹೈಸ್ಕೂಲಿನಲ್ಲಿ ಮೇಡಂ. ನಮ್ಮಲ್ಲಿ ಒಬ್ಬಳು ಅತಿಥಿ ಶಿಕ್ಷಕಿ ಇದ್ದಾಳೆ, ಭಾಗ್ಯಶ್ರೀ ಎಂದು. ಮಣ್ಣೂರಿನ ಆಚೆ, ಭೀಮೆಯ ದಂಡೆಯ ಒಂದು ಊರಿನವಳು. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿದೆ, ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಹಿಂದೆ ಎರಡು ಸಂಬಂಧಗಳು ಮಾತುಕತೆ ಮುಗಿದ ಮೇಲೆ ತಪ್ಪಿಹೋಗಿದ್ದವು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಈ ಸಲ ಜೇವರ್ಗಿ ಕಡೆಯ ಅಂದೋಲಾದ ಹುಡುಗ ಒಪ್ಪಿ, ನಿಶ್ಚಿತಾರ್ಥವೂ ಆಗಿತ್ತು. "ಅಕ್ಕಾ, ನನ್ನ ಲಗ್ನದ ಕಾರ್ಡೂ ನಿಮ್ಮ ಅತ್ತಿ ಕೈಲೇ ಮಾಡಸ್ರಿ. ಹಿಂತಾ ಕಮಲ ಬೇಕು ನನಗ" ಎಂದಳು. ಅವಳು ಯಾವುದನ್ನೂ ಬೇಕೆಂದು ಕೇಳಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕೂಡಲೇ ಹೂಂ ಎಂದೆ. ಒಳಗಿನ ಒಕ್ಕಣೆ ಮಾತ್ರ ನಾನೇ ಬರೆದುಕೊಡುತ್ತೇನೆ ಎಂದು ಮುಂಜಾಗ್ರತೆ ವಹಿಸಿದೆ.

ಅತ್ತೆಯೂ ಖುಷಿಯಾದಳು. ಇಡೀ ಕ್ಲಾಸೇ ಈ ಕಾರ್ಡುಗಳಿಗೆ ಕೂತಿತು. ಅವರ ನಡುವೆ ಮಾದನಹಿಪ್ಪರಗಾದಿಂದ ಬರುವ ಒಬ್ಬ ಹೆಂಗಸು ಎಲ್ಲರಿಗಿಂತ ಹೆಚ್ಚು ಕಮಲ ಕತ್ತರಿಸಿದಳು. ಯಾಕೆಂದರೆ ಅವಳು ಹುಡುಗನ ಸೋದರತ್ತೆಯೇ ಆಗಿದ್ದಳು. ನಿಶ್ಚಿತಾರ್ಥದಲ್ಲಿ ತಾಂಬೂಲದ ತಟ್ಟೆಯನ್ನು ಹುಡುಗಿಯ ಅಪ್ಪನ ಎರಡೂ ಕೈಗೆ ಕೊಟ್ಟವಳೂ ಅವಳೇ.

ಆ ಭಾನುವಾರ ನಾನೂ ಅಲ್ಲಿದ್ದೆ. ಬಿಸಿಲು ಹೇಗಿತ್ತೆಂದರೆ ಫ್ಯಾನು ಬೆಂಕಿಯನ್ನೇ ಕೆಳಗೆ ಬೀಸುತ್ತಿತ್ತು. ಅತ್ತೆ ಅಂಟು ಹಚ್ಚಿಸಿ ಕಥೆ ಶುರು ಮಾಡಿದಳು. ಹೊಳೆ ದಂಡೆಯ ಮೋಟಾರು ಖೋಲಿ. ನೀರಿನ ಪಾಳಿಗಾಗಿ ಇಬ್ಬರು ಹೊಲದವರ ಜಗಳ. ಒಂದು ಸಂಜೆ ಅವರಲ್ಲಿ ಒಬ್ಬನ ಹೆಣ ಖೋಲಿಯ ಬಾಗಿಲಲ್ಲಿ. ಒಳಗೆ ಗೂಟಕ್ಕೆ ಇನ್ನೊಬ್ಬನ ಕೆಂಪು ಟವೆಲು. "ಮರುದಿನ ಮುಂಜಾನಿ ಪೊಲೀಸರು ಬಂದು ಟವೆಲಿನವನ ಕೈಗೆ ಬೇಡಿ ಹಾಕಿದ್ರು. ಸಣಕಲು ಮನಷ್ಯಾ, ಐದು ಫೂಟು ಐದು ಇಂಚು. ಗುರುತಿನ ಚಿಹ್ನಿ, ಎಡಗೈಗೆ ಆರು ಬೆರಳು." ಅಷ್ಟರಲ್ಲಿ ಅಂಟು ಆರಿತು. "ಉಳದದ್ದು ಬರೂ ಆಯಿತವಾರ" ಎಂದು ಅತ್ತೆ ಕೈ ತೊಳೆಯಲು ಎದ್ದಳು.

ಹುಡುಗನ ಸೋದರತ್ತೆಯ ಕತ್ತರಿ ಅರ್ಧ ಕಮಲದಲ್ಲೇ ನಿಂತಿದ್ದನ್ನು ನಾನು ನೋಡಿದೆ. ಕಥೆಗೆ ಮಾರುಹೋಗಿದ್ದಾಳೆ ಅಂದುಕೊಂಡೆ! ನನಗೆ ಬುದ್ಧಿ ಎಲ್ಲಿತ್ತು?

ಮುಂದಿನ ಭಾನುವಾರ ನಳ ಬರುವ ಸರದಿಯಾಗಿತ್ತು. ನಳ ಬರುವ ದಿನ ಓಣಿಯಲ್ಲಿ ಎಂಥ ಕೊಲೆಗೂ ಜನ ಸೇರುವುದಿಲ್ಲ. ಎಲ್ಲರೂ ಕೊಡ, ಬಕೆಟ್ಟು, ಬ್ಯಾರಲ್ಲು ತುಂಬಿಸುವುದರಲ್ಲಿ ಮುಳುಗಿದ್ದರು. ಕ್ಲಾಸು ನಡೆಯಲಿಲ್ಲ, ಕಥೆಯೂ ಮುಂದುವರಿಯಲಿಲ್ಲ.

ಗುರುವಾರ ಸ್ಟಾಫ್ ರೂಮಿನಲ್ಲಿ ಭಾಗ್ಯಶ್ರೀ ನನ್ನ ಪಕ್ಕ ಬಂದು ಕೂತಳು. "ಅಕ್ಕಾ, ಕಾರ್ಡ್ ಮಾಡೂದು ನಿಂದ್ರಸಾಕ ಹೇಳ್ರಿ ನಿಮ್ಮ ಅತ್ತಿಗಿ" ಎಂದಳು.

"ಯಾಕ, ಏನಾತು?"

"ಅಂದೋಲದಿಂದ ಫೋನ್ ಬಂದಿತ್ತು. ನಿಮ್ಮ ಅಪ್ಪನ ಮ್ಯಾಲ ಖೂನಿ ಕೇಸ್ ಇತ್ತು, ನಮಗ ಮುಚ್ಚಿಟ್ರಿ ಅಂದ್ರು. ವಿಚಾರ ಮಾಡಿ ಹೇಳ್ತೀವಿ ಅಂದಾರ. ನನಗೂ ಪೂರ್ತಿ ಗೊತ್ತಿಲ್ಲಕ್ಕಾ, ಆಗ ನಾ ಎರಡು ವರ್ಷದಾಕಿ. ಅಪ್ಪನ ಮುಂದ ಆ ಮಾತು ತಗದ್ರ ಎದ್ದು ಹೊಲಕ್ಕ ಹೋಗಿಬಿಡ್ತಾನ. ಈಗ ಇಪ್ಪತ್ತೈದು ವರ್ಷಾದ ಮ್ಯಾಲ ಯಾರು ಹೇಳಿದ್ರೋ ಏನೋ."

"ಭಾಗ್ಯಾ, ನಿಮ್ಮ ಅಪ್ಪಗ..." ಎಂದು ಕೇಳಲು ಹೋದೆ. ಮಾತು ಅಲ್ಲಿಗೇ ಬಿಟ್ಟು, ನನ್ನ ಎಡಗೈಯ ಪಕ್ಕ ಬಲಗೈಯ ಒಂದು ಬೆರಳನ್ನು ಹಿಡಿದು ತೋರಿಸಿದೆ. ಅವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ಅತ್ತೆಯ ಮನೆಯಲ್ಲಿ ನಡೆದದ್ದನ್ನೆಲ್ಲ ಬಚ್ಚಿಡದೆ ಹೇಳಿಬಿಟ್ಟೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಅವಳು ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ನಿಂತು ಅತ್ತೆಗೆ ಫೋನು ಮಾಡಿದೆ. ಒಂದೂ ಬಿಡದೆ ಎಲ್ಲ ಹೇಳಿದೆ.

"ಅದು ಅರ್ಧಾ ಕಥಿ ಬೇ" ಎಂದಳು.

"ಇನ್ನರ್ಧ ಏನು?"

"ಬಿಡುಗಡಿ."

ನನಗೆ ಎಲ್ಲಿತ್ತೋ ಸಿಟ್ಟು. "ಅದನ್ನ ಮೊದಲೇ ಹೇಳಾಕ ಏನಾಗಿತ್ತು ನಿನಗ?"

"ಅಂಟು ಆರಿತ್ತು" ಎಂದಳು, ಸಣ್ಣ ದನಿಯಲ್ಲಿ.

ಒಬ್ಬ ಹುಡುಗಿಯ ಮದುವೆ ಮುರಿಯುವ ಕಾರಣ ಇದಾಗಬಹುದೇ? ಬಿಸಿಲು ಹೆಚ್ಚಾಗಿತ್ತು, ಅಂಟು ಬೇಗ ಆರಿತು, ಆದ್ದರಿಂದ ಒಬ್ಬ ನಿರಪರಾಧಿ ಬೇಡಿಯಲ್ಲೇ ಉಳಿದುಬಿಟ್ಟ! ನಾನು ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡು ಅತ್ತೆ ಹೇಳಿದಳು: "ಬರೇ ಬಿಡುಗಡಿ ಅಲ್ಲದು. ಫೋನ್‌ನಾಗ ಹೇಳೂ ಮಾತಲ್ಲ. ಆಯಿತವಾರ ಒಂದು ಜೀಪ್ ಮಾಡು. ಮಾದನಹಿಪ್ಪರಗಾದಾಕಿನ್ನ ನಾನೇ ಕರಕೊಂಡು ಬರ್ತೇನಿ. ಅಂದೋಲದವರಿಗೂ ಹುಡುಗಿ ಊರಿಗಿ ಬರಾಕ ಹೇಳು. ಅರ್ಧಾ ಕೇಳಿದವರು ಪೂರ್ತಿ ಕೇಳಬೇಕು. ಎಲ್ಲಾರಿಗಿಂತ ಮೊದಲು ಆ ಮನಷ್ಯಾನ ಮುಂದ ನಾ ನಿಂದರಬೇಕು."

ಹೀಗೆ ಆ ಭಾನುವಾರ ಎರಡೂವರೆಗೆ ಕೊಲೆ ನಡೆಯುವ ಹೊತ್ತಿಗೆ ನಾವು ಭೀಮೆಯ ದಂಡೆಯ ಒಂದು ಸಣ್ಣ ಮನೆಯ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತಿದ್ದೆವು. ಅಂದೋಲಾದಿಂದ ಹುಡುಗನ ತಂದೆ ಬಂದಿದ್ದರು. ಪಕ್ಕದಲ್ಲಿ ಹುಡುಗನ ಸೋದರತ್ತೆ, ತುಟಿ ಬಿಗಿದುಕೊಂಡು. ಭಾಗ್ಯಶ್ರೀಯ ಅಪ್ಪ ನಮಗೆಲ್ಲ ನೀರು ಕೊಟ್ಟು ಗೋಡೆಗೆ ಒರಗಿ ಕೂತರು. ಎಡಗೈ ಹೆಗಲ ಮೇಲಿನ ವಸ್ತ್ರದೊಳಗೆ ಇತ್ತು.

ಅತ್ತೆ ಎರಡೂ ಕೈ ಜೋಡಿಸಿದಳು. "ತಮ್ಮಾ, ನಿಮ್ಮ ಕಥಿ ನಿಮ್ಮನ್ನ ಕೇಳಲಾರ್ದ ಮಂದಿ ಮುಂದ ಹೇಳೀನಿ. ಅದೂ ಅರ್ಧಾ ಹೇಳೀನಿ. ನಂದು ತಪ್ಪಾತು."

"ನೀವೇನು ಹೊಸಾದು ಹೇಳಿಲ್ರಿ ಅಕ್ಕಾರ" ಎಂದರು ಅವರು. "ಊರಾಗೂ ಎಲ್ಲಾರೂ ಅಷ್ಟೇ ಹೇಳ್ತಾರ. ಸಾಕ್ಷಿ ಸಾಲಲಿಲ್ಲ, ಅದಕ್ಕ ಬಿಟ್ಟಾರ ಅಂತಾರ. ಖೂನಿ ಮಾಡಿದಾಂವ ಸಿಗಲಿಲ್ಲ ನೋಡ್ರಿ."

"ಫೈಸಲಾದ ಪ್ರತಿ ನಿಮ್ಮ ಕಡಿ ಅದ ಏನು?"

ಅವರು ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸುತಳಿ ಕಟ್ಟಿದ ಒಂದು ಗಂಟನ್ನು ತಂದು ಅತ್ತೆಯ ಮುಂದಿಟ್ಟರು. "ವಕೀಲ್ ಸಾಹೇಬ್ರು ಕೊಟ್ಟಿದ್ದು. ಬಿಟ್ಟಾರ ಅಂದ್ರು, ಅಷ್ಟೇ. ಇಂಗ್ಲಿಷಿನಾಗ ಅದ. ಬಿಚ್ಚಿಲ್ಲ."

ಭಾಗ್ಯಶ್ರೀ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಆ ಗಂಟನ್ನು ಅವಳು ನೋಡಿದ್ದು ಅವತ್ತೇ ಮೊದಲು. "ಅಪ್ಪಾ, ನಾ ಹತ್ತನೇ ಕ್ಲಾಸಿಗಿ ಇಂಗ್ಲಿಷ್ ಕಲಸ್ತೇನಿ. ನನಗ ಕೊಟ್ರ ನಾ ಓದ್ತಿದ್ದಿಲ್ಲೇನು?" ಎಂದಳು.

ಅವರು ನೆಲ ನೋಡಿದರು. "ಅದಕ್ಕೇ ತೋರಸಲಿಲ್ಲ ತಂಗಿ. ಒಳಗ ಏನ್ ಬರದಾರೋ ಏನೋ. ಮಂದಿ ಅಂದಂಗೇ ಬರದಿದ್ರ, ನೀ ಓದಿದ ಮ್ಯಾಲ ನನ್ನ ಕಡಿ ಹ್ಯಾಂಗ ನೋಡ್ತಿದ್ದಿ?"

ಇಪ್ಪತ್ತೈದು ವರ್ಷ ಒಬ್ಬ ಮನುಷ್ಯ ತನ್ನ ಮನೆಯ ಟ್ರಂಕಿಗೆ ಹೆದರಿ ಬದುಕಿದ್ದಾನೆ! ಅತ್ತೆ ಸುತಳಿ ಬಿಚ್ಚಿದಳು. ಹಾಳೆಗಳು ಹಳದಿಯಾಗಿದ್ದವು. ಮೊದಲ ಪುಟದ ಮೇಲೆ ಬೆರಳಾಡಿಸಿ, "ನನ್ನ ಮಷೀನೇ ಇದು. ಇಂಗ್ಲಿಷಿನ 'ಇ' ಅಕ್ಷರ ಸಾಲ ಬಿಟ್ಟು ಮ್ಯಾಲ ಹಾರತಿತ್ತು" ಎಂದಳು. ಆಮೇಲೆ ಕನ್ನಡಕ ಏರಿಸಿ, ಒಂದೊಂದು ಸಾಲನ್ನೇ ಕನ್ನಡಕ್ಕೆ ತಿರುಗಿಸುತ್ತ ಓದಿದಳು. ಅವತ್ತು ಅವಳು ಯಾರ ಮುಖವನ್ನೂ ನೋಡಲಿಲ್ಲ, ಎಲ್ಲಿಯೂ ತಡೆದು ಕುತೂಹಲ ಹುಟ್ಟಿಸಲಿಲ್ಲ.

ಆ ಸಂಜೆ ಊರ ಹೊರಗಿನ ಓಣಿಯಲ್ಲಿ ಕೂಲಿ ಮಾಡುವ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ನೋವು ಎದ್ದಿತ್ತು. ಬಂಡಿ ಕಟ್ಟಲು ಯಾರೂ ಮುಂದೆ ಬಂದಿರಲಿಲ್ಲ. ಹೊಲದಲ್ಲಿದ್ದ ಇವರು ಕೂಗು ಕೇಳಿ, ಗೂಟಕ್ಕೆ ಹಾಕಿದ ಟವೆಲನ್ನೂ ಮರೆತು, ಎತ್ತು ಹೂಡಿ ಅಫಜಲಪುರದ ದವಾಖಾನೆಗೆ ಹೊರಟಿದ್ದರು. ದಾರಿಯಲ್ಲಿ ಬಂಡಿಯಲ್ಲೇ ಕೂಸು ಹುಟ್ಟಿತು. ದವಾಖಾನೆಯ ಪುಸ್ತಕದಲ್ಲಿ ಹೊತ್ತು ಬರೆದಿತ್ತು. ಆ ಹೆಣ್ಣುಮಗಳು ಕೋರ್ಟಿಗೆ ಬಂದು ಕೂಸನ್ನು ಎತ್ತಿಕೊಂಡೇ ಸಾಕ್ಷಿ ಹೇಳಿದ್ದಳು. ಊರಿನವರು ಅವಳ ಮಾತಿಗೆ ಬೆಲೆ ಕೊಡಲಿಲ್ಲ, ಕಲಿಸಿಕೊಟ್ಟ ಮಾತು ಎಂದರು.

ಅತ್ತೆ ಓದು ನಿಲ್ಲಿಸಿದಳು. "ಖೂನಿ ಕಥಿಯಾಗ ಬಾಣಂತಿ ಬಂದ್ರ ಯಾರು ಕೇಳ್ತಾರಂತ, ಉಳದರ್ಧಾ ಹೇಳಿದ್ರೂ ನಾ ಇದನ್ನ ಹಗುರಕ ದಾಟಸಾಕಿ ಇದ್ದೆ. ನನ್ನ ಬಾಯಿಗಿ ಬೆಂಕಿ ಬೀಳಲಿ" ಎಂದು ಕಡೆಯ ಪುಟ ತಿರುವಿದಳು. ಜಡ್ಜರು ಹೀಗೆ ಬರೆದಿದ್ದರು: "ಈ ಹೆಣ್ಣುಮಗಳ ಮಾತನ್ನು ನಂಬದಿರಲು ನನಗೆ ಒಂದು ಕಾರಣವೂ ಕಾಣುವುದಿಲ್ಲ. ಒಂದು ಜೀವ ಹೋಗುತ್ತಿದ್ದ ಹೊತ್ತಿನಲ್ಲಿ ಈ ಮನುಷ್ಯ ಇನ್ನೆರಡು ಜೀವಗಳನ್ನು ಉಳಿಸುತ್ತಿದ್ದ. ಸಂಶಯದ ಲಾಭ ಕೊಟ್ಟು ಅಲ್ಲ, ನಿರ್ದೋಷಿ ಎಂದೇ ಈತನನ್ನು ಬಿಡುಗಡೆ ಮಾಡಲಾಗಿದೆ."

ಹುಡುಗನ ಸೋದರತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗನ ತಂದೆ ಅತ್ತೆಯನ್ನು ಕೇಳಿದರು, "ಕಾರ್ಡಿನ ಕೆಲಸ ಎಲ್ಲಿಗಿ ಬಂತ್ರಿ?"

"ಹೆಸರು ಬರಿಯೂದೊಂದು ಉಳದದ."

"ಬೀಗರ ಹೆಸರು ದಪ್ಪ ಅಕ್ಷರದಾಗ ಬರೀರಿ. ದೂರಿಂದ ಕಾಣಬೇಕು."

ಭಾಗ್ಯಶ್ರೀ ಚೌಕಟ್ಟಿನ ಹತ್ತಿರವೇ ಕೂತಳು. ಆದರೆ ಅವಳ ಅಪ್ಪನಿಗೆ ಲಗ್ನದ ಮಾತು ಕಿವಿಗೆ ಬಿದ್ದಂತೆಯೇ ಇರಲಿಲ್ಲ. ಅವರು ಆ ಹಳದಿ ಹಾಳೆಯನ್ನೇ ನೋಡುತ್ತಿದ್ದರು. "ನಿರ್ದೋಷಿ ಅಂತ ಬರದಾರ್ರೀ?" ಎಂದರು.

"ಹೌದು ತಮ್ಮಾ."

"ಜಡ್ಜ್ ಸಾಹೇಬ್ರೇ?"

"ಅವರೇ ಹೇಳ್ಯಾರ. ನಾನೇ ಟೈಪ್ ಮಾಡೀನಿ."

ಅವರ ಎಡಗೈ ವಸ್ತ್ರದಿಂದ ಹೊರಗೆ ಬಂದು ಆ ಸಾಲನ್ನು ಸವರಿತು. "ನಮ್ಮಾಕಿ ಇರೂತನಾ ಅಂತಿದ್ಲು, ಯಾರ ಕಡಿಂದಾದ್ರೂ ಓದಸ್ರಿ, ನೀವು ಅಂಜೂಹಂಗ ಏನೂ ಇರಂಗಿಲ್ಲ ಅದರಾಗ ಅಂತ. ನನಗ ಧೈರ್ಯಾ ಆಗಲಿಲ್ಲ." ಗೋಡೆಯ ಮೇಲೆ ಅವರ ಹೆಂಡತಿಯ ಫೋಟೋ ಇತ್ತು, ಅದರ ಕಡೆ ಒಮ್ಮೆ ನೋಡಿದರು. "ಅಕ್ಕಾರ, ನಿಮಗ ತ್ರಾಸ ಆಗಲಿಲ್ಲಂದ್ರ, ಆಕಿ ಕಡಿ ಮಾರಿ ಮಾಡಿ ಇನ್ನೊಮ್ಮಿ ಓದ್ತೀರೇನು?"

ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದಳು. ಫೋಟೋದ ಮುಂದೆ ನಿಂತು ಮೊದಲ ಪುಟದಿಂದ, ಕೇಸಿನ ನಂಬರಿನಿಂದ ಓದಲು ಶುರು ಮಾಡಿದಳು. ಎಷ್ಟೋ ಕೊಲೆಗಳನ್ನು ಕಣ್ಣು ಮಿಟುಕಿಸದೆ ಹೇಳಿದ ನನ್ನ ಅತ್ತೆ, ಕಡೆಯ ಪುಟಕ್ಕೆ ಬಂದಾಗ ಓದು ನಿಲ್ಲಿಸಿ ಕನ್ನಡಕ ತೆಗೆದು ಒರೆಸತೊಡಗಿದಳು. ಭಾಗ್ಯಶ್ರೀ ಎದ್ದು ಬಂದು ಅವಳ ಕೈಯಿಂದ ಹಾಳೆ ತೆಗೆದುಕೊಂಡಳು. ಕಡೆಯ ಸಾಲನ್ನು ಅವ್ವನಿಗೆ ಅವಳೇ ಓದಿ ಹೇಳಿದಳು.